ಪ್ಲಾಸ್ಟಿಕ್ ಕವರಿನಲ್ಲಿದ್ದ ಐದು ಔಷಧಿ: ಕಬ್ಬಿಣದ ಮಾತ್ರೆ ಆರಿಸಿದ ಒಂದು ಪ್ರಕರಣ

ಕಳೆದ ವರ್ಷ ಜೂನ್ ಎರಡನೇ ವಾರ. ಶಾಲೆಗಳು ಆಗಷ್ಟೇ ಶುರುವಾಗಿದ್ದವು. ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳೊಬ್ಬರು ಸಂಜೆ ನನ್ನ ಔಷಧಿ ಅಂಗಡಿಗೆ ಬಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಕೌಂಟರ್ ಮೇಲೆ ಸುರಿದರು. ಎರಡು ಬಗೆಯ ಮಾತ್ರೆ, ಒಂದು ಕ್ಯಾಪ್ಸೂಲ್, ಅರ್ಧ ಖಾಲಿಯಾದ ಟಾನಿಕ್ ಬಾಟಲಿ, ಜೊತೆಗೊಂದು ಬಣ್ಣದ ಡಬ್ಬಿ. ಐದೂ ಕಬ್ಬಿಣಾಂಶದ ಔಷಧಿಗಳೇ. ನಾಲ್ಕು ಅರ್ಧಂಬರ್ಧ, ಒಂದು ಒಡೆಯದೇ ಇದ್ದದ್ದು.

"ಇದರಲ್ಲಿ ಯಾವುದು ಒಳ್ಳೇದು ಅಂತ ಹೇಳಿಬಿಡಿ ಅಣ್ಣ. ಅದೊಂದನ್ನೇ ತಗೊಳ್ತೀನಿ, ಉಳಿದದ್ದು ಎಸೀತೀನಿ" ಅಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು, ಹಾಕಿಲ್ಲ. ಬರೆಯಲು ಕಾರಣ ಇಷ್ಟೇ: ಇದೇ ಪ್ರಶ್ನೆಯನ್ನು ವಾರಕ್ಕೆ ನಾಲ್ಕೈದು ಜನ ಕೇಳುತ್ತಾರೆ. ಎಷ್ಟೋ ವರ್ಷ ನಾನು ಅದಕ್ಕೆ ಒಂದು ಬ್ರ್ಯಾಂಡಿನ ಹೆಸರು ಹೇಳಿ ಕಳಿಸುತ್ತಿದ್ದೆ. ಅದು ತಪ್ಪು ಉತ್ತರ ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಇವರಿಂದ.

ವಯಸ್ಸು 38. ತೂಕ 48 ಕೆಜಿ. ಇಬ್ಬರು ಮಕ್ಕಳು. ಎರಡು ವರ್ಷದಿಂದ ಸುಸ್ತು. ಸಾರಿನ ಪಾತ್ರೆ ಇಳಿಸಿದರೆ ಏದುಸಿರು. ಕೂದಲು ಉದುರುವುದು, ಸಂಜೆ ಹೊತ್ತಿಗೆ ತಲೆ ಭಾರ. ಇನ್ನೊಂದು ವಿಷಯ ಅವರು ತಾವಾಗಿ ಹೇಳಲಿಲ್ಲ, ಜೊತೆಗೆ ಬಂದಿದ್ದ ಇನ್ನೊಬ್ಬ ಅಡುಗೆಯವರು ಹೇಳಿದರು: "ಅಕ್ಕಿ ಆರಿಸುವಾಗ ಅರ್ಧ ಇವಳ ಬಾಯಿಗೇ ಹೋಗುತ್ತೆ." ಹಸಿ ಅಕ್ಕಿ ಅಗಿಯುವ ಚಟ. ನಮ್ಮ ಕಡೆ ಇದನ್ನು ಅಭ್ಯಾಸ ಅಂತ ಬಿಟ್ಟುಬಿಡುತ್ತಾರೆ, ಇಲ್ಲವೇ ಗದರುತ್ತಾರೆ. ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು, ಐಸು ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆಯ ಹಳೆಯ ಗುರುತುಗಳಲ್ಲಿ ಒಂದು. ಇದಕ್ಕೆ ಪೈಕಾ ಅನ್ನುತ್ತಾರೆ. ಅದನ್ನು ಕೇಳಿದ ಮೇಲೆ ನಾನು ಮಾತ್ರೆಯ ಮಾತು ಬಿಟ್ಟು, ಮೊದಲು ರಿಪೋರ್ಟ್ ಇದೆಯಾ ಅಂತ ಕೇಳಿದೆ.

ಒಂದು ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದ್ದರಂತೆ. ಹಿಮೋಗ್ಲೋಬಿನ್ 9.8 ಅಂತ ಚೀಟಿಯಲ್ಲಿತ್ತು. ಬೆರಳ ತುದಿಯ ರಕ್ತ ಸುಲಭ, ಆದರೆ ಬೆರಳು ಒತ್ತಿದ ರೀತಿ, ಮೊದಲ ಹನಿಯೋ ಎರಡನೇ ಹನಿಯೋ ಅನ್ನುವುದರಿಂದಲೇ ಅಂಕಿ ಆಚೀಚೆ ಆಗುತ್ತದೆ. ಮರುದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪೂರ್ತಿ ಎಣಿಕೆ ಮಾಡಿಸಲು ಹೇಳಿದೆ. ಬಂದ ಅಂಕಿಗಳು ಹೀಗಿದ್ದವು: ಹಿಮೋಗ್ಲೋಬಿನ್ 8.4, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 67, ಕೆಂಪು ರಕ್ತಕಣ 39.5 ಲಕ್ಷ, ಫೆರಿಟಿನ್ 5, ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ಏರುವ ಅಂಕಿ) 9.2.

ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಾದರೆ ತೀವ್ರ. ಇದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ಇವರು ತೀವ್ರದ ಅಂಚಿನಲ್ಲಿದ್ದರು. ಫೆರಿಟಿನ್ ಅಂದರೆ ಮೈಯ ಕಬ್ಬಿಣದ ಕಣಜ. ಅದು 15ಕ್ಕಿಂತ ಕಡಿಮೆಯಾದರೆ ಕಣಜ ಖಾಲಿ ಅಂತಲೇ ಅರ್ಥ. ಇವರದ್ದು 5.

ಇಲ್ಲಿ ಒಂದು ಮಾತು ಹೇಳಲೇಬೇಕು. ರಕ್ತ ಕಡಿಮೆ ಅಂದಾಕ್ಷಣ ಎಲ್ಲವೂ ಕಬ್ಬಿಣದ ಕೊರತೆ ಅಲ್ಲ. ಥಲಸ್ಸೇಮಿಯಾ ಅನ್ನುವ, ವಂಶದಿಂದ ಬರುವ ರಕ್ತದ ತೊಂದರೆಯ ಗುಣ ಹುಟ್ಟಿನಿಂದಲೇ ಇರುವವರಲ್ಲೂ ರಕ್ತಕಣ ಸಣ್ಣದಾಗಿ ಕಾಣುತ್ತದೆ. ಕಬ್ಬಿಣದ ಕೊರತೆ ಇಲ್ಲದಿದ್ದರೆ ಅವರಿಗೆ ವರ್ಷಗಟ್ಟಲೆ ಮಾತ್ರೆ ಕೊಟ್ಟರೂ ಉಪಯೋಗವಿಲ್ಲ. ಎಂಸಿವಿಯನ್ನು ಕೆಂಪು ಕಣದ ಎಣಿಕೆಯಿಂದ, ಅದನ್ನು ಹತ್ತು ಲಕ್ಷಗಳ ಲೆಕ್ಕದಲ್ಲಿ ಇಟ್ಟುಕೊಂಡು, ಭಾಗಿಸಿ ನೋಡುವ ಒಂದು ಸರಳ ಲೆಕ್ಕವಿದೆ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಗುಣದ ಅನುಮಾನ ಜಾಸ್ತಿ. ಇವರದ್ದು 67 ಭಾಗಿಸು 3.95, ಸುಮಾರು 17. ಫೆರಿಟಿನ್ ಕೂಡ ಪಾತಾಳದಲ್ಲಿತ್ತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಕವರಿನೊಳಗೆ ಏನಿತ್ತು

ರಿಪೋರ್ಟ್ ಬಂದ ದಿನ ಅವರನ್ನು ಕೂರಿಸಿಕೊಂಡು ಒಂದೊಂದನ್ನೂ ತಿರುಗಿಸಿ ಹಿಂಬದಿ ಓದಿದೆವು. ಮುಂದೆ ಇರುವುದು ಹೆಸರು. ಔಷಧಿ ಏನು ಅನ್ನುವುದು ಹಿಂದೆ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಅಲ್ಲಿ ನೋಡಬೇಕಾದ ಪದ ಒಂದೇ: ಎಲಿಮೆಂಟಲ್ ಐರನ್. ಅಂದರೆ ಕಬ್ಬಿಣದ ಜೊತೆ ಸೇರಿರುವ ಬೇರೆ ರಾಸಾಯನಿಕದ ಭಾರ ಬಿಟ್ಟು, ಒಳಗಿರುವ ನಿಜವಾದ ಕಬ್ಬಿಣ ಎಷ್ಟು ಅನ್ನುವುದು. ಫೆರಸ್ ಫ್ಯೂಮರೇಟ್ 300 ಮಿ.ಗ್ರಾಂ ಅಂತ ಬರೆದಿದ್ದರೆ ಅದರಲ್ಲಿ ಕಬ್ಬಿಣ ಸುಮಾರು 100. ಹರಳು ರೂಪದ ಫೆರಸ್ ಸಲ್ಫೇಟ್ 325ರಲ್ಲಿ 65. ಫೆರಸ್ ಗ್ಲೂಕೊನೇಟ್ 300ರಲ್ಲಿ ಬರೀ 35ರ ಆಸುಪಾಸು. ಮುಂದಿನ ದೊಡ್ಡ ಅಂಕಿ ನೋಡಿ ಹೋಲಿಸಿದರೆ ಮೋಸ ಹೋಗುತ್ತೇವೆ.

ಮೊದಲು ಕೈಗೆ ಬಂದದ್ದು ಕ್ಯಾಪ್ಸೂಲ್. ಎರಡು ವರ್ಷ ಹಳೆಯದು. ನಿಧಾನವಾಗಿ ಬಿಡುಗಡೆ ಆಗುವ ಬಗೆ. ಹೊಟ್ಟೆಗೆ ಏನೂ ತೊಂದರೆ ಮಾಡಲಿಲ್ಲ ಅಂದರು. ಎರಡು ತಿಂಗಳು ತೆಗೆದುಕೊಂಡರೂ ಸುಸ್ತು ಹೋಗಲಿಲ್ಲವಂತೆ. ಅದಕ್ಕೆ ಕಾರಣ ಊಹಿಸಬಹುದು. ಕಬ್ಬಿಣ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಕ್ಯಾಪ್ಸೂಲಿನ ಕಾಳುಗಳು ನಿಧಾನವಾಗಿ ಕರಗುತ್ತಾ ಆ ಜಾಗವನ್ನು ದಾಟಿ ಹೋಗಿಬಿಟ್ಟರೆ ಹೊಟ್ಟೆಗೆ ಹಿತ, ರಕ್ತಕ್ಕೆ ನಷ್ಟ.

ಎರಡನೆಯದು ಫೆರಸ್ ಆಸ್ಕಾರ್ಬೇಟ್. ಎಲಿಮೆಂಟಲ್ ಐರನ್ 100 ಮಿ.ಗ್ರಾಂ, ಜೊತೆಗೆ ಫೋಲಿಕ್ ಆಮ್ಲ 1.5 ಮಿ.ಗ್ರಾಂ. ಇವತ್ತು ಖಾಸಗಿ ಚೀಟಿಗಳಲ್ಲಿ ಹೆಚ್ಚಾಗಿ ಬರುವುದು ಇದೇ. ಮಾತ್ರೆ ಒಳ್ಳೆಯದೇ. ಆದರೆ ಇವರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 100 ಮಿ.ಗ್ರಾಂ ಬಿದ್ದಾಗ ವಾಕರಿಕೆ. ಮೂರನೇ ದಿನ ವಾಂತಿ. ಆಮೇಲೆ ಮಲಬದ್ಧತೆ. ವಾಕರಿಕೆ ಬರುತ್ತೆ ಅಂತ ಅವರೇ ಗ್ಯಾಸ್ ಮಾತ್ರೆ ಶುರು ಮಾಡಿಕೊಂಡರು. ಗ್ಯಾಸ್ ಮಾತ್ರೆ ಹೊಟ್ಟೆಯ ಆಮ್ಲವನ್ನು ಕಡಿಮೆ ಮಾಡುತ್ತದೆ. ಕಬ್ಬಿಣ ಕರಗಿ ಒಳಗೆ ಹೋಗಲು ಆ ಆಮ್ಲವೇ ಬೇಕು. ಹತ್ತು ನಿಮಿಷದ ಮೇಲೆ ಕಾಫಿ ಬೇರೆ. ಹೀಗೆ ಎಂಟು ಮಾತ್ರೆ ನುಂಗಿ ಬಿಟ್ಟುಬಿಟ್ಟರು. ಮಲ ಕಪ್ಪಾದದ್ದು ನೋಡಿ ಒಳಗೆ ರಕ್ತ ಸೋರುತ್ತಿದೆ ಅಂತಲೂ ಹೆದರಿದ್ದರು. ಕಬ್ಬಿಣ ತೆಗೆದುಕೊಂಡರೆ ಮಲ ಕಪ್ಪು ಅಥವಾ ಕಡು ಹಸಿರು ಆಗುವುದು ಸಹಜ. ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಮಾತ್ರ ಕೂಡಲೇ ವೈದ್ಯರ ಹತ್ತಿರ ಓಡಬೇಕು. ಈ ಒಂದು ಮಾತನ್ನು ಮಾತ್ರೆ ಕೊಡುವಾಗಲೇ ಯಾರಾದರೂ ಹೇಳಿದ್ದರೆ ಒಂದು ಭಯವಾದರೂ ಕಡಿಮೆಯಾಗುತ್ತಿತ್ತು.

ಮೂರನೆಯದು ಟಾನಿಕ್. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಕೊಟ್ಟವನು ನಾನೇ. ಅವರ ಯಜಮಾನರು ಬಂದು "ರಕ್ತ ಆಗೋಕೆ ಒಂದು ಟಾನಿಕ್ ಕೊಡಿ" ಅಂದಿದ್ದರು. ಯಾರಿಗೆ, ಎಷ್ಟಿದೆ ಅಂತ ಒಂದು ಮಾತೂ ಕೇಳದೆ ಸುಮ್ನೆ ತೆಗೆದುಕೊಟ್ಟಿದ್ದೆ. 15 ಮಿ.ಲೀ.ನಲ್ಲಿ 32 ಮಿ.ಗ್ರಾಂ ಕಬ್ಬಿಣ ಅಂತ ಬಾಟಲಿ ಮೇಲಿದೆ. ಅವರು ಕುಡಿಯುತ್ತಿದ್ದದ್ದು ದಿನಕ್ಕೊಂದು ಟೀ ಚಮಚ, 5 ಮಿ.ಲೀ. ಅಂದರೆ 11 ಮಿ.ಗ್ರಾಂ ಕೂಡ ಪೂರ್ತಿ ಇಲ್ಲ. ಎರಡು ಬಾಟಲಿ ಮುಗಿದಿತ್ತು. ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದಷ್ಟೇ ಲಾಭ.

ಬಣ್ಣದ ಡಬ್ಬಿ ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಗಿ ಆನ್‌ಲೈನ್‌ನಲ್ಲಿ ತರಿಸಿಕೊಟ್ಟದ್ದು. ಜೆಲ್ಲಿ ತರಹದ ಗಮ್ಮಿಗಳು. ಒಂದರಲ್ಲಿ 14 ಮಿ.ಗ್ರಾಂ ಕಬ್ಬಿಣ, ಬಿಸ್‌ಗ್ಲೈಸಿನೇಟ್ ರೂಪದ್ದು. ಆ ರೂಪ ಹೊಟ್ಟೆಗೆ ಹಿತ, ಹೀರಿಕೆಯೂ ಚೆನ್ನಾಗಿಯೇ ಇದೆ. ಅದನ್ನು ಹಗುರವಾಗಿ ನೋಡುವ ಹಾಗಿಲ್ಲ. ಆದರೆ ಡಬ್ಬಿ ಮೇಲಿದ್ದದ್ದು ಔಷಧಿ ಲೈಸೆನ್ಸ್ ಸಂಖ್ಯೆಯಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ. ಅದು ಆಹಾರ ಪೂರಕ. ದಿನದ ಊಟದ ಜೊತೆ ಚೂರು ಸೇರಿಸಲು ಮಾಡಿದ್ದು, ಖಾಲಿಯಾದ ಕಣಜ ತುಂಬಲು ಅಲ್ಲ. ಆರೋಗ್ಯವಾಗಿರುವವರು ಇದನ್ನು ತಿಂದರೆ ನನ್ನ ತಕರಾರಿಲ್ಲ. 8.4 ಇರುವವರಿಗೆ ಇದು ಸಾಲದು.

ಐದನೆಯದು ಕೆಂಪು ಮಾತ್ರೆ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಟ್ಟದ್ದು. ಸಕ್ಕರೆ ಲೇಪದ ಸರ್ಕಾರಿ ಮಾತ್ರೆ. ಒಣ ಫೆರಸ್ ಸಲ್ಫೇಟ್, ಎಲಿಮೆಂಟಲ್ ಐರನ್ 60 ಮಿ.ಗ್ರಾಂ, ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ಅವಧಿ ಮುಗಿಯಲು ಇನ್ನೂ ಒಂದು ವರ್ಷ ಇತ್ತು. ಒಂದೂ ಒಡೆದಿರಲಿಲ್ಲ. "ಪುಕ್ಕಟೆ ಕೊಡೋದು, ಅದರಲ್ಲೇನಿರುತ್ತೆ" ಅಂದರು.

ಈ ಮಾತು ನನಗೆ ತುಂಬಾ ನೋವು ಕೊಡುತ್ತದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಬಣ್ಣ ನೋಡಿ ಗುರುತಿಸುವ ಹಾಗೆ ಮಾತ್ರೆಗಳನ್ನು ಮಾಡಿದ್ದಾರೆ. 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, ಅದರಲ್ಲಿ 45 ಮಿ.ಗ್ರಾಂ. 10ರಿಂದ 19ರವರಿಗೆ ವಾರಕ್ಕೊಂದು ನೀಲಿ ಮಾತ್ರೆ, 60 ಮಿ.ಗ್ರಾಂ. ದೊಡ್ಡ ಹೆಂಗಸರಿಗೆ ಕೆಂಪು: ಸಾಮಾನ್ಯವಾಗಿ ವಾರಕ್ಕೊಂದು, ಬಸುರಿ ಬಾಣಂತಿಯರಿಗೆ ದಿನಕ್ಕೊಂದು. ಇವರ ಶಾಲೆಯಲ್ಲೇ ಮಕ್ಕಳು ಊಟ ಮಾಡಿದ ಮೇಲೆ ಮೇಷ್ಟರು ಆ ಮಾತ್ರೆ ನುಂಗಿಸುತ್ತಾರೆ, ಊಟ ಬಡಿಸುವವರು ಇವರು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದರ ಹಿಂದಿನ ಸಮೀಕ್ಷೆಯಲ್ಲಿ 44.8 ಇತ್ತು. ಮಾತ್ರೆ ಮನೆ ಬಾಗಿಲಿಗೆ ಬಂದಿದೆ. ಹೊಟ್ಟೆಗೆ ಹೋಗುತ್ತಿಲ್ಲ.

ಎಷ್ಟು ಬೇಕು ಅನ್ನುವ ಲೆಕ್ಕ

ಯಾವುದು ಒಳ್ಳೆಯದು ಅಂತ ಹೇಳುವ ಮುಂಚೆ ಎಷ್ಟು ಬೇಕು ಅಂತ ನೋಡೋಣ ಅಂದೆ. ವೈದ್ಯರು ಬಳಸುವ ಒಂದು ಸೂತ್ರವಿದೆ. ತೂಕವನ್ನು, ಕಡಿಮೆ ಬಿದ್ದ ಹಿಮೋಗ್ಲೋಬಿನ್‌ನಿಂದ ಗುಣಿಸಿ, ಮತ್ತೆ 2.4ರಿಂದ ಗುಣಿಸಿ, ಕಣಜಕ್ಕೆ ಅಂತ 500 ಸೇರಿಸುವುದು. 13 ಗ್ರಾಂ ತಲುಪಬೇಕು ಅಂತಿಟ್ಟುಕೊಂಡರೆ ಕೊರತೆ 4.6. ಹಾಗಾಗಿ 48 × 4.6 × 2.4 = ಸುಮಾರು 530. ಅದಕ್ಕೆ 500 ಸೇರಿದರೆ ಸುಮಾರು 1,000 ಮಿ.ಗ್ರಾಂ ಕಬ್ಬಿಣ ಮೈಯೊಳಗೆ ಹೋಗಬೇಕು. ನುಂಗಿದ್ದಲ್ಲ, ಒಳಗೆ ಹೀರಿಕೊಂಡದ್ದು.

ಟಾನಿಕ್‌ನ 11 ಮಿ.ಗ್ರಾಂನಲ್ಲಿ ಹತ್ತರಲ್ಲಿ ಒಂದು ಪಾಲು ಒಳಗೆ ಹೋದರೂ ದಿನಕ್ಕೆ 1 ಮಿ.ಗ್ರಾಂ. ಎಲ್ಲರ ಮೈಯಿಂದಲೂ ದಿನಕ್ಕೆ ಸುಮಾರು 1 ಮಿ.ಗ್ರಾಂ ಸುಮ್ಮನೆ ಹೊರಗೆ ಹೋಗುತ್ತದೆ. ಅದರ ಮೇಲೆ ಮುಟ್ಟು. ಮುಟ್ಟಿನ ಬಗ್ಗೆ ನಾನು ಕೇಳಲು ಹಿಂಜರಿದೆ. ನನ್ನ ಹೆಂಡತಿ ಅಂಗಡಿಯಲ್ಲೇ ಇದ್ದಳು, ಅವಳು ಕೇಳಿದಳು. ಏಳು ಎಂಟು ದಿನ, ಗಡ್ಡೆಗಡ್ಡೆಯಾಗಿ, ಮೊದಲ ಮೂರು ದಿನ ರಾತ್ರಿ ಎದ್ದು ಬಟ್ಟೆ ಬದಲಿಸಬೇಕು. ನಾಲ್ಕು ವರ್ಷದಿಂದ ಹೀಗೇ. ಯಾವ ವೈದ್ಯರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ. ತಿಂಗಳಿಗೆ 80 ಮಿ.ಲೀ. ದಾಟಿದರೆ ಅತಿಸ್ರಾವ ಅನ್ನುತ್ತಾರೆ. ಇವರ ತೆಳು ರಕ್ತದಲ್ಲೂ 100 ಮಿ.ಲೀ. ಹೋದರೆ ಸುಮಾರು 30 ಮಿ.ಗ್ರಾಂ ಕಬ್ಬಿಣ ಹೋದಂತೆ. ಅಂದರೆ ದಿನದ ಲೆಕ್ಕದಲ್ಲಿ ಇನ್ನೊಂದು ಮಿ.ಗ್ರಾಂ. ಎರಡು ಬಾಟಲಿ ಟಾನಿಕ್ ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಆರಿಸಿದ್ದು ಹೇಗೆ

ತಾಲ್ಲೂಕು ಆಸ್ಪತ್ರೆಯ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದೆ. ಐದು ಔಷಧಿಯ ಕತೆಯನ್ನೂ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಅವರ ತೀರ್ಮಾನ ಕೆಂಪು ಮಾತ್ರೆ. 60 ಮಿ.ಗ್ರಾಂ, ದಿನ ಬಿಟ್ಟು ದಿನ, ಒಂದೇ ಒಂದು.

"ಇಷ್ಟು ಕಡಿಮೆ ಇದೆ, ದಿನಕ್ಕೆ ಎರಡು ಕೊಡೋದಲ್ವಾ?" ಅಂತ ನಾನೇ ಕೇಳಿದೆ. ಹಳೆಯ ಪದ್ಧತಿ ಅದೇ ಆಗಿತ್ತು. ಅವರು ಹೆಪ್ಸಿಡಿನ್ ಬಗ್ಗೆ ಹೇಳಿದರು. ಅದು ಲಿವರ್ ಮಾಡುವ ಹಾರ್ಮೋನು, ಕರುಳಿನ ಬಾಗಿಲು ಕಾಯುವಂಥದ್ದು. 60 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಬ್ಬಿಣ ಒಮ್ಮೆ ಬಂದರೆ ಹೆಪ್ಸಿಡಿನ್ ಏರುತ್ತದೆ, ಮರುದಿನದವರೆಗೂ ಏರಿಯೇ ಇರುತ್ತದೆ. ಆಗ ಕೊಟ್ಟ ಮಾತ್ರೆಯಲ್ಲಿ ಒಳಗೆ ಹೋಗುವುದು ಕಡಿಮೆ, ಕರುಳಿನಲ್ಲಿ ಉಳಿದು ತೊಂದರೆ ಕೊಡುವುದು ಜಾಸ್ತಿ. 48 ಗಂಟೆಗೆ ಅದು ಇಳಿದಿರುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಪತ್ರಿಕೆಯಲ್ಲಿ ಇದನ್ನು ತೋರಿಸಿದ್ದಾರೆ. ಅದೇ 14 ಡೋಸ್, ಅದೇ 60 ಮಿ.ಗ್ರಾಂ. ದಿನಾ ಕೊಟ್ಟಾಗ ನೂರಕ್ಕೆ 16.3ರಷ್ಟು ಹೀರಿಕೆ, ದಿನ ಬಿಟ್ಟು ದಿನ ಕೊಟ್ಟಾಗ 21.8. ಆ ಅಧ್ಯಯನದಲ್ಲಿದ್ದವರು ಕಣಜ ಕಡಿಮೆ ಇದ್ದ ಹೆಂಗಸರು, ಇವರಷ್ಟು ರಕ್ತಹೀನತೆ ಅವರಿಗಿರಲಿಲ್ಲ. ಹಾಗಾಗಿ ಇಷ್ಟು ಕಡಿಮೆ ಇದ್ದಾಗ ದಿನಾ ಒಂದು ಕೊಡುವ ವೈದ್ಯರೂ ಇದ್ದಾರೆ, ಅದೂ ಸರಿಯೇ. ಇವರ ವಿಷಯದಲ್ಲಿ ವೈದ್ಯರು ನೋಡಿದ್ದು ಬೇರೆ: ಮೂರು ಸಲ ಅರ್ಧಕ್ಕೆ ಬಿಟ್ಟವರು. ನಾಲ್ಕನೇ ಸಲವೂ ಬಿಟ್ಟರೆ ಎಷ್ಟು ಮಿ.ಗ್ರಾಂ ಬರೆದು ಏನು ಫಲ?

ಹೊಟ್ಟೆಗೆ ತೊಂದರೆ ಇಲ್ಲ ಅಂತ ಹೆಸರಾದ ಪಾಲಿಮಾಲ್ಟೋಸ್ ಅನ್ನುವ ಕಬ್ಬಿಣದ ಮಾತ್ರೆಯ ವಿಷಯವೂ ಮಾತಿಗೆ ಬಂತು. ಅದನ್ನು ಊಟದ ಜೊತೆ ತೆಗೆದುಕೊಳ್ಳಬಹುದು, ವಾಕರಿಕೆ ಕಡಿಮೆ. ಆದರೆ ಹಿಮೋಗ್ಲೋಬಿನ್ ಏರಿಸುವುದರಲ್ಲಿ ಸಲ್ಫೇಟ್‌ನಂಥ ಹಳೆಯ ಫೆರಸ್ ಮಾತ್ರೆಗಳಿಗೆ ಸಮ ಬರುವುದಿಲ್ಲ ಅನ್ನುವುದು ವೈದ್ಯರ ಅನುಭವ. ಅದರ ಹತ್ತಿರದ ನೆಂಟ ಪಾಲಿಸ್ಯಾಕರೈಡ್ ಕಬ್ಬಿಣವನ್ನು ಅಮೆರಿಕದಲ್ಲಿ ಪುಟ್ಟ ಮಕ್ಕಳಲ್ಲಿ 12 ವಾರ ಹೋಲಿಸಿ ನೋಡಿದ್ದು 2017ರಲ್ಲಿ ಪ್ರಕಟವಾಯಿತು. ಸಲ್ಫೇಟ್ ಪಡೆದವರು 7.9ರಿಂದ 11.9ಕ್ಕೆ ಏರಿದರು, ಇನ್ನೊಂದು ಪಡೆದವರು 7.7ರಿಂದ 11.1ಕ್ಕೆ. ದುಬಾರಿ ಅಂದಮಾತ್ರಕ್ಕೆ ಗಟ್ಟಿ ಅಲ್ಲ.

ವೈದ್ಯರು ಒಂದು ಗಡಿ ಹಾಕಿದರು. ನಾಲ್ಕು ವಾರದಲ್ಲಿ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ಬಿಟ್ಟು ರಕ್ತನಾಳದ ಮೂಲಕ ಕಬ್ಬಿಣ. ಜಂತುಹುಳುವಿಗೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಒಂದು ಸಲ. ಮತ್ತೆ ಹೊಟ್ಟೆಯ ಸ್ಕ್ಯಾನ್.

ಇನ್ನು ಹೊತ್ತು. ನಿಜ ಹೇಳಬೇಕೆಂದರೆ ಮಾತ್ರೆ ಆರಿಸಿದ್ದಕ್ಕಿಂತ ಹೊತ್ತು ಆರಿಸುವುದೇ ಕಷ್ಟವಾಯಿತು. ಅವರ ದಿನವನ್ನು ಒಂದು ಕಾಗದದ ಮೇಲೆ ಬರೆದೆ. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ. ಅದರ ಜೊತೆಗೇ ಕ್ಯಾಲ್ಸಿಯಂ ಮಾತ್ರೆ, ಅದರ ಜೊತೆಗೇ ಗಮ್ಮಿ, ಮೇಲೊಂದು ಲೋಟ ಕಾಫಿ! ಎಲ್ಲವನ್ನೂ ಒಂದೇ ಗುಟುಕಿಗೆ ಮುಗಿಸುವುದು. ಟಿಎಸ್‌ಎಚ್ 9.2 ಯಾಕೆ ಇತ್ತು ಅನ್ನುವುದಕ್ಕೆ ಅಲ್ಲೇ ಸುಳಿವು ಸಿಕ್ಕಿತು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ನಡುವೆ ನಾಲ್ಕು ಗಂಟೆ ಬಿಡಬೇಕು. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನ ಸ್ರಾವವೂ ಜಾಸ್ತಿ ಆಗಬಹುದು. ಒಂದು ಗಂಟು ಇನ್ನೊಂದನ್ನು ಬಿಗಿ ಮಾಡುತ್ತಿತ್ತು.

ಹಾಗಾಗಿ 6ಕ್ಕೆ ಥೈರಾಯ್ಡ್ ಮಾತ್ರೆ ಒಂದೇ, ನೀರಿನ ಜೊತೆ. ಕಾಫಿ ತಿಂಡಿಯ ಹೊತ್ತಿಗೆ, 8ಕ್ಕೆ. ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ. ಗಮ್ಮಿ ಬಂದ್. ಗ್ಯಾಸ್ ಮಾತ್ರೆ ವೈದ್ಯರನ್ನು ಕೇಳಿ ನಿಲ್ಲಿಸಿದ್ದಾಯಿತು. ಕಬ್ಬಿಣಕ್ಕೆ 11 ಗಂಟೆ ಅಂತ ಮೊದಲು ಇಟ್ಟೆವು. ಬೆಳಗಿನ ಹೊತ್ತು ಹೆಪ್ಸಿಡಿನ್ ಕಡಿಮೆ ಇರುತ್ತದೆ, ಹೀರಿಕೆಗೆ ಒಳ್ಳೆಯದು. ಪುಸ್ತಕದ ಪ್ರಕಾರ ಸರಿಯಾದ ಹೊತ್ತು.

ಐದನೇ ದಿನಕ್ಕೆ ಫೋನ್ ಬಂತು. 11 ಗಂಟೆಗೆ ಅವರು ಇರುವುದು ಇನ್ನೂರು ಮಕ್ಕಳ ಸಾರು ಕುದಿಯುವ ಒಲೆಯ ಮುಂದೆ. ಆ ಹಬೆ, ಒಗ್ಗರಣೆ ವಾಸನೆಗೆ ಮಾತ್ರೆ ಮೇಲೆ ಬರುವ ಹಾಗಾಗುತ್ತದೆ ಅಂದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ರಾತ್ರಿಗೆ ಬದಲಾಯಿಸಿದೆವು. ಎಂಟು ಗಂಟೆಗೆ ಊಟ, ಹತ್ತಕ್ಕೆ ಮಾತ್ರೆ, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ, ನುಂಗಿ ಮಲಗುವುದು. ರಾತ್ರಿ ಹಾಲು ಕುಡಿಯುವುದಿದ್ದರೆ ಸಂಜೆಗೆ. ಹೀರಿಕೆ ಒಂದು ಪಾಲು ಕಡಿಮೆಯಾಗಬಹುದು. ಆದರೆ ವಾಕರಿಕೆ ಬರುವ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ. ನನ್ನ ಮಟ್ಟಿಗೆ ಇದೇ ಈ ಪ್ರಕರಣದ ಮುಖ್ಯ ಆಯ್ಕೆ. ಮಾತ್ರೆಯ ಹೆಸರಲ್ಲ, ರಾತ್ರಿ ಹತ್ತು ಗಂಟೆ.

ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಮಗಳು ದಿನ ಬಿಟ್ಟು ದಿನ ಕೆಂಪು ಚುಕ್ಕೆ ಇಟ್ಟಳು. ಮನೆಯಲ್ಲಿ ಮೈದುನನ ಎರಡು ವರ್ಷದ ಮಗು ಇದೆ ಅಂತ ಗೊತ್ತಾದ ಕೂಡಲೇ ಮಾತ್ರೆ ಇಡುವ ಜಾಗದ ಬಗ್ಗೆ ಗಟ್ಟಿಯಾಗಿಯೇ ಹೇಳಿದೆ. ಕೆಂಪಗೆ, ಸಿಹಿ ಲೇಪ, ಮಕ್ಕಳಿಗೆ ಪೆಪ್ಪರ್‌ಮಿಂಟ್ ತರಹವೇ ಕಾಣುತ್ತದೆ. 10 ಕೆಜಿ ತೂಕದ ಮಗು ಇಂಥ ಹತ್ತು ಮಾತ್ರೆ ನುಂಗಿದರೆ ಕೆಜಿಗೆ 60 ಮಿ.ಗ್ರಾಂ ಆಗುತ್ತದೆ. ಅದು ಜೀವಕ್ಕೆ ಅಪಾಯ ತರುವ ಮಟ್ಟ. ಟ್ರಂಕಿನಲ್ಲಿ ಬೀಗ ಹಾಕಿ ಇಡಿ ಅಂದೆ. ಹಾಗೆಯೇ ಇಟ್ಟರು.

ಊಟದ ಬಗ್ಗೆ ಹೆಚ್ಚು ಹೇಳಲು ನನಗೆ ಇಷ್ಟವಿರಲಿಲ್ಲ. ಯಜಮಾನರು ದಿನಾ ಬೀಟ್‌ರೂಟ್ ತರುತ್ತಿದ್ದರು. ಬಣ್ಣ ಕೆಂಪಷ್ಟೇ, 100 ಗ್ರಾಂನಲ್ಲಿ 1 ಮಿ.ಗ್ರಾಂ ಕಬ್ಬಿಣವೂ ಇಲ್ಲ. ಅದಕ್ಕಿಂತ ಮನೆಯ ರಾಗಿ ಮುದ್ದೆಯೇ ಮೇಲು, 100 ಗ್ರಾಂ ರಾಗಿಯಲ್ಲಿ 4.6 ಮಿ.ಗ್ರಾಂ. ಅದರಲ್ಲೂ ಹೀರಿಕೆಗೆ ಅಡ್ಡ ಬರುವ ಅಂಶಗಳಿವೆ, ಮೊಳಕೆ ಬರಿಸಿದರೆ ಕಡಿಮೆಯಾಗುತ್ತವೆ. ಹೆಂಗಸಿಗೆ ದಿನಕ್ಕೆ 29 ಮಿ.ಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಆರೋಗ್ಯವಾಗಿರುವಾಗಲೇ ಇಷ್ಟು ಬೇಕು. ಕಣಜ ಖಾಲಿಯಾದ ಮೇಲೆ ಬರೀ ಊಟದಿಂದ ತುಂಬಿಸುತ್ತೇನೆ ಅನ್ನುವುದು ಆಗದ ಮಾತು. ಮೊಳಕೆ ಕಾಳು, ಸೊಪ್ಪು, ಮೇಲೆ ನಿಂಬೆ, ಊಟದ ಹಿಂದೆ ಮುಂದೆ ಒಂದು ಗಂಟೆ ಟೀ ಕಾಫಿ ಬೇಡ. ಇಷ್ಟೇ ಹೇಳಿದ್ದು.

ನಡೆದದ್ದು

ಮೂರನೇ ವಾರ ಜೊತೆಯ ಅಡುಗೆಯವರು ಔಷಧಿಗೆ ಅಂತ ಬಂದಾಗ ತಾವಾಗಿ ಹೇಳಿದರು: ಅಕ್ಕಿ ತಿನ್ನುವುದು ನಿಂತಿದೆ. ರಿಪೋರ್ಟ್ ಬರುವ ಮುಂಚೆಯೇ ನನಗೆ ಧೈರ್ಯ ಬಂತು. ಹಿಮೋಗ್ಲೋಬಿನ್ ಏರುವ ಮೊದಲೇ ಈ ಚಟ ಬಿಡುವುದುಂಟು. ನಾಲ್ಕು ವಾರಕ್ಕೆ 9.4. ಸರಿಯಾಗಿ 1 ಗ್ರಾಂ. ವೈದ್ಯರು ಹಾಕಿದ ಗಡಿಯ ಮೇಲೇ ನಿಂತಿತು. ಮುಂದುವರಿಸಿ ಅಂದರು.

ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡಿತು. ಸ್ತ್ರೀರೋಗ ತಜ್ಞರು ಮುಟ್ಟಿನ ಜಾಸ್ತಿ ಸ್ರಾವದ ದಿನಗಳಿಗೆ ಟ್ರಾನೆಕ್ಸಾಮಿಕ್ ಆಮ್ಲ ಬರೆದರು. ಸೋರುವುದು ಕಡಿಮೆಯಾಯಿತು. ಇದು ಆಗದೆ ಹೋಗಿದ್ದರೆ ಯಾವ ಮಾತ್ರೆ ಆರಿಸಿದ್ದರೂ ವರ್ಷ ಕಳೆಯುವುದರೊಳಗೆ ಅವರು ಅದೇ ಕವರ್ ಹಿಡಿದು ಮತ್ತೆ ಬರುತ್ತಿದ್ದರು.

ಆಗಸ್ಟ್‌ನಲ್ಲಿ ಒಂದು ತೊಡಕು. ಕೆಂಪು ಮಾತ್ರೆ ಮುಗಿದಿತ್ತು, ಆರೋಗ್ಯ ಕೇಂದ್ರದಲ್ಲಿ ಸ್ಟಾಕ್ ಇರಲಿಲ್ಲ. ಅವರು ಹತ್ತು ದಿನ ಸುಮ್ಮನಿದ್ದರು. ಸರ್ಕಾರಿ ಮಾತ್ರೆಯನ್ನು ನಂಬಿದ್ದು ಈಗ, ಅದೇ ಸಿಗುತ್ತಿಲ್ಲ. ಬೇರೆ ತೆಗೆದುಕೊಂಡರೆ ಮತ್ತೆ ವಾಂತಿ ಬಂದರೆ ಅಂತ ಭಯ. ಆಗ ಮತ್ತೆ ಹಿಂಬದಿ ಓದುವ ಕೆಲಸ. ನನ್ನ ಅಂಗಡಿಯಲ್ಲಿದ್ದ ಹೆಚ್ಚಿನವು 100 ಮಿ.ಗ್ರಾಂ. ಒಂದೆರಡರಲ್ಲಿ ಝಿಂಕ್, ಬಿ12, ಇನ್ನೂ ಏನೇನೋ ಸೇರಿದ್ದವು. ಝಿಂಕ್ ಜಾಸ್ತಿ ಇದ್ದರೆ ಕಬ್ಬಿಣದ ಜೊತೆಗೇ ಪೈಪೋಟಿ ಮಾಡುತ್ತದೆ, ಇವರಿಗೆ ಅದರ ಅಗತ್ಯವೂ ಇರಲಿಲ್ಲ. ಕೊನೆಗೆ ಫ್ಯೂಮರೇಟ್ ರೂಪದ, 50 ಮಿ.ಗ್ರಾಂ ಎಲಿಮೆಂಟಲ್ ಐರನ್ ಇರುವ, ಫೋಲಿಕ್ ಆಮ್ಲ ಬಿಟ್ಟು ಬೇರೇನೂ ಇಲ್ಲದ ಮಾತ್ರೆ ಸಿಕ್ಕಿತು. ವೈದ್ಯರಿಗೆ ಹೇಳಿ ಅದನ್ನೇ ಕೊಟ್ಟೆ. ಅದೇ ಹೊತ್ತು, ಅದೇ ನಿಂಬೆ ನೀರು. ತೊಂದರೆ ಆಗಲಿಲ್ಲ. ಒಂದು ತಿಂಗಳ ಮೇಲೆ ಕೆಂಪು ಮಾತ್ರೆ ಮತ್ತೆ ಬಂತು, ಅದಕ್ಕೇ ಮರಳಿದರು. ಮಲಬದ್ಧತೆ ಸ್ವಲ್ಪ ಇತ್ತು, ಬಾಳೆಹಣ್ಣು, ಸೊಪ್ಪು, ಜಾಸ್ತಿ ನೀರಿನಲ್ಲಿ ಸುಧಾರಿಸಿಕೊಂಡರು.

ಸೆಪ್ಟೆಂಬರ್ ಕೊನೆಗೆ 11.3. ಟಿಎಸ್‌ಎಚ್ 4.1, ಥೈರಾಯ್ಡ್ ಮಾತ್ರೆಯ ಪ್ರಮಾಣ ಒಂದು ಚೂರೂ ಬದಲಾಯಿಸದೆ. ನವೆಂಬರ್‌ನಲ್ಲಿ 12.2. ಆ ದಿನ ಅವರು ಮಾತ್ರೆ ನಿಲ್ಲಿಸುವ ಮಾತಾಡಿದರು. ಎಲ್ಲರೂ ಎಡವುವುದು ಇಲ್ಲೇ. ರಕ್ತ ತುಂಬಿತು, ಕಣಜ ತುಂಬಿರಲಿಲ್ಲ. ಫೆರಿಟಿನ್ ಆಗಿನ್ನೂ 19. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಬೇಕು ಅಂತ ವೈದ್ಯರು ಅಂದರು. ಕ್ಯಾಲೆಂಡರ್ ಬದಲಾಯಿತು, ಮಗಳು ಹೊಸದರಲ್ಲೂ ಚುಕ್ಕೆ ಇಟ್ಟಳು.

ಫೆಬ್ರವರಿ ಕೊನೆಯ ವಾರ ಹಿಮೋಗ್ಲೋಬಿನ್ 12.6, ಫೆರಿಟಿನ್ 41. ಈಗ ವಾರಕ್ಕೊಂದು ಕೆಂಪು ಮಾತ್ರೆ ಸಾಕು ಅಂದಿದ್ದಾರೆ. ಗಡ್ಡೆಯನ್ನು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡಬೇಕು, ಬೆಳೆದರೆ ಮುಂದಿನ ಯೋಚನೆ.

ಹೋದ ವಾರ ಮಗಳನ್ನು ಕರೆದುಕೊಂಡು ಬಂದಿದ್ದರು. ಪಿಯುಸಿ ಓದುವ ಹುಡುಗಿ. ಹಿಮೋಗ್ಲೋಬಿನ್ 10.6. ಹೈಸ್ಕೂಲಿನಲ್ಲಿ ಕೊಟ್ಟಿದ್ದ ನೀಲಿ ಮಾತ್ರೆಗಳನ್ನು ಹೊಟ್ಟೆನೋವು ಬರುತ್ತೆ ಅಂತ ನುಂಗದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳಂತೆ. ಅಮ್ಮನ ಮಾತ್ರೆಗೆ ಚುಕ್ಕೆ ಇಟ್ಟವಳು ಅವಳೇ. ಫೆರಿಟಿನ್‌ಗೆ ರಕ್ತ ಕೊಟ್ಟಿದ್ದಾಳೆ, ಸೋಮವಾರ ರಿಪೋರ್ಟ್ ಬರುತ್ತದೆ. ಅಷ್ಟರಲ್ಲಿ ಅವಳು ಎಷ್ಟು ಗಂಟೆಗೆ ಏಳುತ್ತಾಳೆ, ಎಷ್ಟು ಗಂಟೆಗೆ ಬಸ್ಸು, ಟೀ ಯಾವಾಗ ಅಂತ ಒಂದು ಕಾಗದದ ಮೇಲೆ ಬರೆದುಕೊಂಡು ಬರಲು ಹೇಳಿದ್ದೇನೆ.